ಸುಕ್ಕಿಗಿಂತ ಮೊದಲು ಕಣ್ಣು: ಕಾಫಿ ಕಣದ ಮಹಿಳೆಯೊಬ್ಬರ ಪ್ರಕರಣ ಅಧ್ಯಯನ

ಈ ಪ್ರಕರಣ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಭಾಗದ 52 ವರ್ಷದ ಮಹಿಳೆಯೊಬ್ಬರದು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂತಹ ವಿವರಗಳನ್ನು ಕೈಬಿಟ್ಟು ಇಲ್ಲಿ ಬರೆದಿದ್ದೇನೆ. ಕುಟುಂಬದ್ದು ಸಣ್ಣ ತೋಟ. ಅರೇಬಿಕಾ, ರೊಬಸ್ಟಾ ಎರಡೂ ಇವೆ. ಕುಯ್ಲು ಶುರುವಾದ ಮೇಲೆ ತೋಟದೊಳಗಿನ ಕೆಲಸವನ್ನು ಗಂಡ ನೋಡಿಕೊಳ್ಳುತ್ತಾರೆ, ಮನೆಯ ಮುಂದಿನ ಸಿಮೆಂಟ್ ಕಣದ ಜವಾಬ್ದಾರಿ ಇವರದು. ಪಲ್ಪರ್‌ನಲ್ಲಿ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು ಬೆಳಿಗ್ಗೆ ಹರವುವುದು, ಹೊತ್ತು ಹೊತ್ತಿಗೆ ಕೆದರಿ ತಿರುವುವುದು, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚುವುದು, ರಾತ್ರಿ ಆಳುಗಳ ಹಾಜರಿ ಪುಸ್ತಕ ಬರೆಯುವುದು, ಇವೆಲ್ಲವೂ ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅವರು ಮಾಡಿಕೊಂಡು ಬಂದಿರುವ ಕೆಲಸಗಳು.

ರೊಬಸ್ಟಾ ಒಣಗಿಸುವ ಕೆಲಸ ಒಂದು ಹಂತಕ್ಕೆ ಬಂದ ಮೇಲೆ, ಫೆಬ್ರವರಿ ಕೊನೆಯಲ್ಲಿ ಅವರು ಚಿಕ್ಕಮಗಳೂರಿನ ನನ್ನ ಚರ್ಮರೋಗ ಚಿಕಿತ್ಸಾಲಯಕ್ಕೆ ಮಗಳ ಜೊತೆ ಬಂದರು. ಮೇ ತಿಂಗಳಿನಲ್ಲಿ ಆ ಮಗಳ ಮದುವೆ ನಿಶ್ಚಯವಾಗಿತ್ತು. ಅವರ ಬೇಡಿಕೆ ನೇರವಾಗಿತ್ತು: "ಡಾಕ್ಟ್ರೇ, ನಕ್ರೆ ಕಣ್ಣಿನ ಪಕ್ಕ ಪೂರ್ತಿ ಸುಕ್ಕೇ ಕಾಣುತ್ತೆ. ಬೊಟಾಕ್ಸ್ ಅಂತ ಇಂಜೆಕ್ಷನ್ ಇದೆಯಂತಲ್ಲ, ಮದುವೆಯೊಳಗೆ ಕೊಡೋಕಾಗುತ್ತಾ?"

ವಯಸ್ಸಾದವರು ಹೀಗೆ ಕೇಳಿದಾಗ ಮನೆಯವರು ನಗುವುದನ್ನು, 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ' ಎಂದು ಗದರುವುದನ್ನು ನೋಡಿದ್ದೇನೆ. ಈ ಮಗಳು ಹಾಗೆ ಮಾಡಲಿಲ್ಲ. ತನ್ನ ಮುಖದ ಬಗ್ಗೆ ಒಬ್ಬ ಹೆಂಗಸು ಕಾಳಜಿ ಪಡುವುದಕ್ಕೆ ವಯಸ್ಸಿನ ಮಿತಿಯಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಕಣ್ಣಿನ ಸುತ್ತಲಿನ ಸುಕ್ಕಿಗೆ ಯಾವುದೇ ಚಿಕಿತ್ಸೆ ಆರಂಭಿಸುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು: ಈ ಕಣ್ಣು ದಿನವಿಡೀ ಕಿರಿದಾಗುತ್ತಿರುವುದು ಏಕೆ, ಮತ್ತು ಈ ಚರ್ಮಕ್ಕೆ ಇಲ್ಲಿಯವರೆಗೆ ಏನೇನು ಹಚ್ಚಲಾಗಿದೆ. ಈ ಎರಡನ್ನು ಕೇಳದೆ ಸೂಜಿ ಹಿಡಿದಿದ್ದರೆ ಈ ಪ್ರಕರಣದಲ್ಲಿ ನಿಜವಾಗಿ ಪತ್ತೆಯಾಗಬೇಕಿದ್ದ ಸಂಗತಿಗಳು ಪತ್ತೆಯಾಗುತ್ತಲೇ ಇರಲಿಲ್ಲ.

ಪರೀಕ್ಷೆಯನ್ನು ಕಿಟಕಿಯ ಬೆಳಕಿನಲ್ಲಿ ಮಾಡಿದೆ. ಮೊದಲು ಕಣ್ಣು ಕಿರಿದು ಮಾಡಲು ಹೇಳಿದಾಗ ಎರಡೂ ಕಣ್ಣುಗಳ ಹೊರತುದಿಯಿಂದ ಕಣತಲೆಯ ಕಡೆಗೆ ಆಳವಾದ ಗೆರೆಗಳು ಮೂಡಿದವು. ಬಳಿಕ ಮುಖವನ್ನು ಪೂರ್ತಿ ಸಡಿಲ ಬಿಡಲು ಹೇಳಿ, ಅದೇ ಜಾಗದ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಅಗಲಿಸಿದೆ. ಆಗ ಪ್ರತಿ ಗೆರೆಯ ತಳದಲ್ಲಿ ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಒಂದು ಎಳೆ ಕಾಣಿಸಿತು. ಬಿಸಿಲಿನಲ್ಲಿ ಕಣ್ಣು ಕಿವುಚಿಕೊಂಡೇ ಇದ್ದವರಲ್ಲಿ ಮಾತ್ರ ಹೀಗಾಗುತ್ತದೆ. ಮಡಿಕೆಯ ಮೇಲ್ಭಾಗ ಬಿಸಿಲಿಗೆ ಕಪ್ಪಾಗುತ್ತದೆ, ಒಳಗೆ ಮುಚ್ಚಿಕೊಂಡ ಭಾಗಕ್ಕೆ ಬಿಸಿಲೇ ತಾಗುವುದಿಲ್ಲ. ಈ ತಿಳಿ ಎಳೆಗಳನ್ನು ಕಂಡ ಮೇಲೆ, ಕಣದಲ್ಲಿ ಅವರ ಕಣ್ಣು ಹೇಗಿರುತ್ತದೆ ಎಂದು ನಾನು ಬೇರೆ ಕೇಳಬೇಕಾಗಿರಲಿಲ್ಲ.

ರೆಪ್ಪೆಯ ಚರ್ಮ ದೇಹದಲ್ಲೇ ಅತ್ಯಂತ ತೆಳುವಾದದ್ದು. ಅರ್ಧ ಮಿಲಿಮೀಟರಿನ ಆಸುಪಾಸು. ಅದರಲ್ಲಿ ಎಣ್ಣೆಗ್ರಂಥಿಗಳೂ ಕಡಿಮೆ. ಅದರ ಕೆಳಗೆ ಕಣ್ಣನ್ನು ಬಳಸಿ ವರ್ತುಲಾಕಾರದ ಒಂದು ಸ್ನಾಯು ಇದೆ. ನಕ್ಕಾಗ, ಹೊಗೆ ತಾಗಿದಾಗ, ಬೆಳಕು ಚುಚ್ಚಿದಾಗ, ಸಣ್ಣ ಅಕ್ಷರ ಓದಲು ಹೆಣಗುವಾಗ ಅದು ಸಂಕುಚಿಸುತ್ತದೆ. ಯೌವನದಲ್ಲಿ ಸ್ನಾಯು ಸಡಿಲವಾದ ಕೂಡಲೇ ಚರ್ಮ ಮೊದಲಿನಂತೆ ಬಿಗಿಯಾಗುವುದು ಒಳಚರ್ಮದ ಕೊಲಾಜೆನ್ ಮತ್ತು ಇಲಾಸ್ಟಿನ್ ನಾರುಗಳ ಬಲದಿಂದ. ವಯಸ್ಸಾದಂತೆ ಈ ನಾರುಗಳು ಕ್ಷೀಣಿಸುತ್ತವೆ, ಮತ್ತು ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜೆನ್ ಸುಮಾರು ಶೇ. 30ರವರೆಗೆ ಕಡಿಮೆಯಾಗಬಹುದು. ಇವರಿಗೆ ಮುಟ್ಟು ನಿಂತು ಮೂರು ವರ್ಷವಾಗಿತ್ತು. ನಕ್ಕಾಗ ಮಾತ್ರ ಕಾಣುತ್ತಿದ್ದ ಗೆರೆಗಳು ಈಗ ಸುಮ್ಮನಿದ್ದಾಗಲೂ ಉಳಿದುಕೊಂಡಿರುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಬಿಸಿಲು. ಮಲೆನಾಡಿನ ಚಳಿಗಾಲದ ಗಾಳಿ ತಂಪಾಗಿರುವುದರಿಂದ ಬಿಸಿಲು ಸುಡುತ್ತಿದೆ ಎಂದು ಅನಿಸುವುದೇ ಇಲ್ಲ. ಆದರೆ ಚರ್ಮವನ್ನು ಕೆಡಿಸುವ ನೇರಳಾತೀತ ಕಿರಣಗಳಿಗೂ ಗಾಳಿಯ ತಂಪಿಗೂ ಸಂಬಂಧವಿಲ್ಲ. ಸಮುದ್ರಮಟ್ಟದಿಂದ ಪ್ರತಿ 1000 ಮೀಟರ್ ಮೇಲೇರಿದಂತೆ ಅವುಗಳ ತೀವ್ರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಮತ್ತು ಚಿಕ್ಕಮಗಳೂರು ಪಟ್ಟಣವೇ 1000 ಮೀಟರಿಗಿಂತ ಎತ್ತರದಲ್ಲಿದೆ. ಈ ಕಿರಣಗಳಲ್ಲಿ 'ಎ' ವರ್ಗದವು ಮೋಡವನ್ನೂ ಕಿಟಕಿಯ ಗಾಜನ್ನೂ ದಾಟಿ ಒಳಚರ್ಮದವರೆಗೆ ಇಳಿದು ಕೊಲಾಜೆನ್ ನಾರನ್ನು ಒಡೆಯುತ್ತವೆ. ತೋಟದೊಳಗೆ ಕೆಲಸ ಮಾಡುವವರಿಗೆ ಸಿಲ್ವರ್, ಹಲಸು, ಅತ್ತಿ ಮರಗಳ ನೆರಳಾದರೂ ಇರುತ್ತದೆ. ಕಣದಲ್ಲಿ ನೆರಳಿರಕೂಡದು, ನೆರಳಿದ್ದರೆ ಕಾಫಿ ಒಣಗುವುದಿಲ್ಲ. ಮೇಲಿನ ಬಿಸಿಲಿನ ಜೊತೆಗೆ ಸಿಮೆಂಟ್ ನೆಲದಿಂದಲೂ, ಅದರ ಮೇಲೆ ಹರವಿದ ನಸುಬಿಳಿ ಪಾರ್ಚ್‌ಮೆಂಟಿನಿಂದಲೂ ಬೆಳಕು ಮುಖಕ್ಕೆ ಮರಳಿ ಹೊಡೆಯುತ್ತದೆ. ತಲೆಗೆ ಕಟ್ಟಿಕೊಳ್ಳುವ ಬಟ್ಟೆ ನೆತ್ತಿಯನ್ನು ಕಾಯುತ್ತದೆಯೇ ಹೊರತು ಕಣ್ಣಿನ ಸುತ್ತಲಿನ ಜಾಗವನ್ನು ಕಾಯುವುದಿಲ್ಲ.

ಇಲ್ಲಿಯವರೆಗಿನದು ಈ ಭಾಗದ ಯಾವುದೇ ತೋಟದ ಮನೆಯ ಹೆಂಗಸಿನಲ್ಲೂ ಕಾಣಬಹುದಾದ ಚಿತ್ರ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಂಗತಿ. ಕೆಳರೆಪ್ಪೆ ಮತ್ತು ಕೆನ್ನೆಯ ಮೇಲ್ಭಾಗದ ಚರ್ಮಕ್ಕೆ ಒಂದು ಬಗೆಯ ಅಸಹಜ ಹೊಳಪಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಕೂದಲೆಳೆಯಂತಹ ಕೆಂಪು ರಕ್ತನಾಳಗಳು ಕಂಡವು. ಗಾಜಿನ ಪಟ್ಟಿಯಿಂದ ಒತ್ತಿದರೆ ಮಾಯವಾಗಿ, ತೆಗೆದ ಕೂಡಲೇ ಮತ್ತೆ ತುಂಬಿಕೊಳ್ಳುತ್ತಿದ್ದವು. ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ನಿಧಾನವಾಗಿ ಇಳಿಯುತ್ತಿತ್ತು. ಬಿಸಿಲಿಗೆ ಹಣ್ಣಾದ ಚರ್ಮ ಸಾಮಾನ್ಯವಾಗಿ ಒರಟಾಗಿರುತ್ತದೆ. ಇದು ತೆಳುವಾಗಿತ್ತು. ಒಲೆಯ ಮುಂದೆ ಕೂತರೆ ಮುಖ ಉರಿಯುತ್ತದೆಯೇ ಎಂದು ಕೇಳಿದೆ. ಬಚ್ಚಲೊಲೆಗೆ ಸೌದೆ ಒಡ್ಡುವಾಗ ಉರಿ ತಡೆಯಲಾಗದೆ ಮುಖ ತಿರುಗಿಸಿಕೊಳ್ಳುವುದಾಗಿ ಹೇಳಿದರು.

ಮುಖಕ್ಕೆ ಏನು ಹಚ್ಚುತ್ತೀರಿ ಎಂಬ ಪ್ರಶ್ನೆಗೆ ಮೊದಲು ಬಂದ ಉತ್ತರ 'ಏನಿಲ್ಲ, ಸ್ವಲ್ಪ ಕೊಬ್ಬರಿ ಎಣ್ಣೆ' ಎಂದು. ಈ ಉತ್ತರವನ್ನು ಅಲ್ಲಿಗೇ ಬಿಡಬಾರದು. ಔಷಧಿ ಎಂದು ಕೇಳಿದರೆ ಜನ ಮಾತ್ರೆಯನ್ನು ನೆನಪಿಸಿಕೊಳ್ಳುತ್ತಾರೆ, ಕ್ರೀಮ್ ಅವರ ಲೆಕ್ಕಕ್ಕೆ ಬರುವುದಿಲ್ಲ. ಭಂಗು ಎನ್ನುವ ಮುಖದ ಕಂದು ಕಲೆಗೆ ಎಂದಾದರೂ ಏನಾದರೂ ಹಚ್ಚಿದ್ದೀರಾ ಎಂದು ಕೇಳಿದಾಗ ಅವರು ಬ್ಯಾಗಿನಿಂದ ಅರ್ಧ ಖಾಲಿಯಾದ, ಬುಡದಿಂದ ಸುರುಳಿ ಸುತ್ತಿದ ಒಂದು ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ವರ್ಷದ ಹಿಂದೆ ಕೆನ್ನೆಯ ಮೇಲೆ ಭಂಗು ಬಂದಾಗ ವಾರಗಿತ್ತಿ ಹೇಳಿದ್ದಂತೆ. ಹಚ್ಚಿದ ಕೆಲವೇ ವಾರಗಳಲ್ಲಿ ಮುಖ ತಿಳಿಯಾಯಿತು, ಸಣ್ಣ ಗೆರೆಗಳೂ ಕಡಿಮೆಯಾದಂತೆ ಕಂಡಿತು, ಆದ್ದರಿಂದ ಕಣ್ಣಿನ ಸುತ್ತಲೂ ಹಚ್ಚತೊಡಗಿದರು. ನಡುವೆ ಬಿಟ್ಟಾಗಲೆಲ್ಲ ಮುಖ ಕೆಂಪಾಗಿ ಉರಿಯುತ್ತಿದ್ದುದರಿಂದ ಮತ್ತೆ ಹಚ್ಚುತ್ತಿದ್ದರು. ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಕೊಡುತ್ತಿದ್ದರು.

ಟ್ಯೂಬಿನ ಮೇಲಿದ್ದ ಅಂಶಗಳು ಮೂರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲನೆಯದು ಬಣ್ಣ ತಿಳಿಗೊಳಿಸುತ್ತದೆ, ಎರಡನೆಯದು 'ಎ' ಜೀವಸತ್ವದ ರೂಪ, ಮೂರನೆಯದು ಉರಿಯೂತ ಅಡಗಿಸುವ ಸ್ಟೀರಾಯ್ಡ್. ಭಂಗಿಗೆ ಚರ್ಮವೈದ್ಯರು ಇಂತಹ ಮಿಶ್ರಣವನ್ನು ಕೆಲವು ವಾರಗಳ ಮಟ್ಟಿಗೆ, ಕಣ್ಣಿಟ್ಟು ಬರೆಯುವುದುಂಟು. ವರ್ಷಗಟ್ಟಲೆ ಹಚ್ಚಿದರೆ ಸ್ಟೀರಾಯ್ಡ್ ಚರ್ಮದಲ್ಲಿ ಕೊಲಾಜೆನ್ ತಯಾರಾಗುವುದನ್ನೇ ಕುಗ್ಗಿಸಿ ಅದನ್ನು ತೆಳ್ಳಗಾಗಿಸುತ್ತದೆ, ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಟ್ಟಾಗ ಉರಿ ಎಬ್ಬಿಸಿ ಮತ್ತೆ ತನ್ನನ್ನೇ ಬೇಡುವಂತೆ ಮಾಡುತ್ತದೆ. ಸುಕ್ಕು ಕಡಿಮೆಯಾಗಲೆಂದು ಹಚ್ಚಿದ ಕ್ರೀಮ್ ಸುಕ್ಕನ್ನು ಹೆಚ್ಚಿಸುತ್ತಾ ಬಂದಿತ್ತು. ಕಣ್ಣಿನ ಹತ್ತಿರ ಇದರ ಅಪಾಯ ಚರ್ಮಕ್ಕಷ್ಟೇ ನಿಲ್ಲುವುದಿಲ್ಲ: ರೆಪ್ಪೆಯ ತೆಳು ಚರ್ಮದ ಮೂಲಕ ಸ್ಟೀರಾಯ್ಡ್ ಒಳಗಿಳಿದು, ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ, ದೃಷ್ಟಿನರವನ್ನು ಕೆಡಿಸುವ ಗ್ಲಾಕೋಮಾಕ್ಕೆ ದಾರಿಯಾಗುತ್ತದೆ, ಕಣ್ಣಿನ ಪೊರೆಯೂ ಬೇಗ ಬರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ.

ಭಾರತೀಯ ಚರ್ಮವೈದ್ಯರ ಸಂಘವಾದ ಐಎಡಿವಿಎಲ್ ಈ ದುರ್ಬಳಕೆಯ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೇ ರಚಿಸಿ ವರ್ಷಗಳಿಂದ ಎಚ್ಚರಿಸುತ್ತಾ ಬಂದಿದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಶೆಡ್ಯೂಲ್ 'ಎಚ್' ಕಟ್ಟಿನೊಳಕ್ಕೆ ತಂದಿತು. ಇಷ್ಟಾದರೂ ಇಂತಹ ಟ್ಯೂಬುಗಳು ಮದುವೆ ಮನೆಯ ಮಾತಿನಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ, ಸಂಬಂಧಿಕರ ಪ್ರೀತಿಯ ಸಲಹೆಯಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ದಾಟುತ್ತಲೇ ಇವೆ. ವಾರಗಿತ್ತಿಯ ಮೇಲೆ ನನಗೆ ಕೋಪವಿಲ್ಲ. ಅವರು ಒಳ್ಳೆಯದನ್ನೇ ಬಯಸಿದ್ದರು. ಟ್ಯೂಬಿನ ಮೇಲಿನ 'ಸೋನ್' ಎಂದು ಮುಗಿಯುವ ಹೆಸರನ್ನು ಓದಿ ಎಚ್ಚರಿಸಬೇಕಾದವರು ಅದನ್ನು ಮಾರಿದವರು. ಮೊಮೆಟಾಸೋನ್, ಬೀಟಾಮೆಥಾಸೋನ್, ಫ್ಲುಟಿಕಾಸೋನ್, ಜೊತೆಗೆ ಕ್ಲೊಬೆಟಾಸಾಲ್: ಇವುಗಳಲ್ಲಿ ಯಾವುದೇ ಹೆಸರಿದ್ದರೂ ಅದು ದಿನನಿತ್ಯ ಮುಖಕ್ಕೆ ಹಚ್ಚುವ ಕ್ರೀಮ್ ಅಲ್ಲ.

ಆ ದಿನ ಬೊಟುಲಿನಮ್ (ಅವರು ಕೇಳಿದ್ದ ಬೊಟಾಕ್ಸ್) ಚುಚ್ಚುಮದ್ದು ಕೊಡಲಿಲ್ಲ; ಮದುವೆಯೊಳಗೆ ಕೊಡುವುದಿಲ್ಲವೆಂದೂ ಸ್ಪಷ್ಟವಾಗಿ ಹೇಳಿದೆ. ಚುಚ್ಚುವ ಜಾಗದಲ್ಲಿ ಉರಿಯೂತ ಇರುವಾಗ ಅದನ್ನು ಕೊಡುವಂತಿಲ್ಲ, ಮತ್ತು ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಮುಖ ಹೇಗೆ ಕೆರಳುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಲಾಗುವುದಿಲ್ಲ. ಅವರಿಗೆ ಬೇಸರವಾಯಿತು. ಕ್ರೀಮನ್ನು ಮದುವೆಯವರೆಗೆ ಮುಂದುವರಿಸಿ ಆಮೇಲೆ ಬಿಡಬಾರದೇ ಎಂದು ಮಗಳು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಕಣ್ಣಿನ ಒತ್ತಡ ಎಷ್ಟಿದೆ ಎಂದು ತಿಳಿಯದೆ ನಾನು ಅದಕ್ಕೆ ಒಪ್ಪುವಂತಿರಲಿಲ್ಲ. ಮೊದಲು ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಬರೆದುಕೊಟ್ಟೆ.

ಕಣ್ಣಿನ ಪರೀಕ್ಷೆಯಿಂದ ತಿಳಿದದ್ದು ಎರಡು. ಒಂದು, ಎರಡೂ ಕಣ್ಣುಗಳ ಒತ್ತಡ 24 ಮಿಲಿಮೀಟರ್ ಪಾದರಸದಷ್ಟು ಇತ್ತು. ಸಾಮಾನ್ಯ ಮಿತಿ 10ರಿಂದ 21. ದೃಷ್ಟಿನರಕ್ಕೆ ಹಾನಿಯಾಗಿರಲಿಲ್ಲ. ಕಣ್ಣಿನ ವೈದ್ಯರು ಇದನ್ನು ಪೂರ್ತಿ ಕ್ರೀಮಿನ ಮೇಲೆಯೇ ಹೊರಿಸಲಿಲ್ಲ, ಆದರೆ ಕ್ರೀಮ್ ನಿಲ್ಲಿಸಿ ಮತ್ತೆ ಅಳೆಯಬೇಕೆಂದು ಬರೆದರು. ಎರಡು, ಚಾಳೀಸು ಬಂದು ವರ್ಷಗಳಾಗಿದ್ದರೂ ಅವರು ಕನ್ನಡಕ ಮಾಡಿಸಿಕೊಂಡಿರಲಿಲ್ಲ. ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತದೆಂಬ ಅಳುಕು. ಹಾಜರಿ ಪುಸ್ತಕ ಬರೆಯುವಾಗ ಗಂಡನ ಕನ್ನಡಕವನ್ನು ಎರವಲು ಪಡೆಯುತ್ತಿದ್ದರು. ಕಣದಲ್ಲಿ ಬೀಜವನ್ನು ಅಂಗೈ ಮೇಲಿಟ್ಟು ಒಣಗಿದೆಯೇ, ಕಪ್ಪುಬೀಜ ಎಷ್ಟಿದೆ ಎಂದು ನೋಡುವಾಗ ಕಣ್ಣು ಕಿವುಚಿಕೊಳ್ಳುತ್ತಿದ್ದರು. ಕಣ್ಣು ಕಿರಿದು ಮಾಡಿದರೆ ಸಣ್ಣ ಕಿಂಡಿಯಿಂದ ನೋಡಿದ ಹಾಗೆ ದೃಷ್ಟಿ ತುಸು ಸ್ಪಷ್ಟವಾಗುವುದರಿಂದ ಇದು ತಾನಾಗಿಯೇ ಅಭ್ಯಾಸವಾಗುತ್ತದೆ. ವಯಸ್ಸು ಮುಚ್ಚಿಡಲು ಕನ್ನಡಕ ಬೇಡವೆಂದವರ ಕಣ್ಣಂಚಿನಲ್ಲಿ, ಆ ಕನ್ನಡಕ ಇಲ್ಲದ ಕಾರಣಕ್ಕೇ ಗೆರೆಗಳು ಆಳವಾಗುತ್ತಿದ್ದವು. ನಲವತ್ತು ದಾಟಿದವರು ಸುಕ್ಕಿನ ಕ್ರೀಮ್ ಕೇಳಿ ಬಂದಾಗ ಮೊದಲು ಅವರ ಕೈಗೆ ಒಂದು ಸಣ್ಣ ಅಕ್ಷರದ ಹಾಳೆ ಕೊಟ್ಟು ಓದಿಸುವುದು ನನ್ನ ರೂಢಿ, ಮತ್ತು ಇದನ್ನು ಎಲ್ಲ ಚರ್ಮವೈದ್ಯರೂ ಮಾಡಬೇಕೆಂದು ನಾನು ಬಯಸುತ್ತೇನೆ.

ಮೂರು ಅಂಶಗಳ ಕ್ರೀಮ್ ನಿಂತಿತು. ಬದಲಿಗೆ ಉರಿಯೂತ ತಗ್ಗಿಸುವ, ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು, ಸುವಾಸನೆಯಿಲ್ಲದ ಸರಳ ಮಾಯಿಶ್ಚರೈಸರ್, ಮುಖ ತೊಳೆಯಲು ಬರಿ ತಣ್ಣೀರು. ಎರಡನೆಯ ವಾರಕ್ಕೆ ನಿರೀಕ್ಷಿಸಿದ್ದಂತೆ ಮುಖ ಕೆರಳಿತು: ಕೆನ್ನೆ ಕೆಂಪಾಗಿ, ರೆಪ್ಪೆ ಊದಿ, ಸಣ್ಣ ಕೀವುಗುಳ್ಳೆಗಳೆದ್ದವು. ಮದುವೆಯ ಕರೆಯೋಲೆ ಹಂಚಲು ಹೊರಟಿದ್ದವರು ಮನೆಯಲ್ಲೇ ಉಳಿದರು. ಬೀಗರ ಮನೆಯವರು ಏನಂದುಕೊಳ್ಳುತ್ತಾರೋ ಎಂದು ಫೋನಿನಲ್ಲಿ ಅತ್ತರು. ಈ ಹಂತದಲ್ಲೇ ಹೆಚ್ಚಿನವರು ಹಳೆಯ ಟ್ಯೂಬಿಗೆ ಮರಳುವುದು. ಒಮ್ಮೆ ಹಚ್ಚಿದರೆ ಎರಡೇ ದಿನದಲ್ಲಿ ಮುಖ ತಿಳಿಯಾಗುತ್ತದೆ ಎಂಬುದು ಅವರಿಗೆ ಗೊತ್ತು. ನಾನು ಉರಿಯೂತ ತಗ್ಗಿಸಲು ಡಾಕ್ಸಿಸೈಕ್ಲಿನ್ ಮಾತ್ರೆ ಸೇರಿಸಿದೆ, ತಣ್ಣೀರಿನ ಬಟ್ಟೆಯ ಪಟ್ಟಿ ಹಾಕಲು ಹೇಳಿದೆ. ಅದಕ್ಕಿಂತ ಹೆಚ್ಚಾಗಿ, ಉರಿ ಹೆಚ್ಚಾದಾಗಲೆಲ್ಲ ಫೋನ್ ಮಾಡುವಂತೆ ತಿಳಿಸಿದ್ದೆ, ಅವರು ಮಾಡುತ್ತಲೂ ಇದ್ದರು. ಟ್ಯೂಬನ್ನು ಮಗಳು ಕಸಕ್ಕೆ ಹಾಕಿದ್ದಳು. ಸುಮಾರು ಎರಡು ತಿಂಗಳಿಗೆ ಉರಿ ತಗ್ಗಿತು.

ಬಿಸಿಲಿನ ವಿಷಯದಲ್ಲಿ ಹೇಳಿದ್ದು ಸರಳ, ಪಾಲಿಸುವುದು ಕಷ್ಟ. ಮುಖಕ್ಕೂ ಕಿವಿಗೂ ನೆರಳು ಬೀಳುವಷ್ಟು ಅಗಲ ಅಂಚಿನ ಬಟ್ಟೆಯ ಟೋಪಿ. ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ (ಬಿಸಿಲು ತಡೆಯುವ ಮಟ್ಟ) 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಏಕೆಂದರೆ ಬೆವರಿನೊಂದಿಗೆ ಕಣ್ಣಿಗೆ ಇಳಿದರೂ ಅದು ಬೇರೆ ಬಗೆಯವುಗಳಷ್ಟು ಉರಿಯುವುದಿಲ್ಲ. ಎಸ್‌ಪಿಎಫ್ 30 ಸುಡುವ ಕಿರಣಗಳಲ್ಲಿ ಸುಮಾರು ಶೇ. 97ನ್ನು, 50 ಸುಮಾರು ಶೇ. 98ನ್ನು ತಡೆಯುತ್ತದೆ, ಈ ಒಂದಂಶದ ವ್ಯತ್ಯಾಸಕ್ಕಾಗಿ ಹೆಚ್ಚು ಹಣ ಕೊಡುವುದಕ್ಕಿಂತ, ಇರುವುದನ್ನು ಎರಡು ಬೆರಳಿನುದ್ದ ತೆಗೆದು ಎರಡು ಗಂಟೆಗೊಮ್ಮೆ ಹಚ್ಚುವುದು ಲೇಸು. ಕನ್ನಡಕವನ್ನು ಬಿಸಿಲಿಗೆ ತಾನಾಗಿ ಕಪ್ಪಾಗುವ, ನೇರಳಾತೀತ ಕಿರಣ ತಡೆಯುವ ಗಾಜಿನಲ್ಲೇ ಮಾಡಿಸಿಕೊಂಡರು. ಕೆಳಭಾಗದಲ್ಲಿ ಹತ್ತಿರದ ದೃಷ್ಟಿಯ ನಂಬರು ಇರುವುದರಿಂದ ಕಣಕ್ಕೂ ಪುಸ್ತಕಕ್ಕೂ ಒಂದೇ ಸಾಕಾಯಿತು.

ಮನೆಮದ್ದುಗಳ ಬಗ್ಗೆ ಮಗಳು ಒಂದು ಪಟ್ಟಿಯನ್ನೇ ತಂದಿದ್ದಳು. ಕೊಬ್ಬರಿ ಎಣ್ಣೆ, ಹರಳೆಣ್ಣೆ ಒಣಗಿದ ಚರ್ಮವನ್ನು ಮೆತ್ತಗಾಗಿಸುತ್ತವೆ, ಗೆರೆಯನ್ನು ಅಳಿಸುವುದಿಲ್ಲ. ಸೌತೆಕಾಯಿಯ ತಂಪಿನಿಂದ ಊತ ಸ್ವಲ್ಪ ಹೊತ್ತು ಇಳಿಯುತ್ತದೆ. ಕಾಫಿ ಪುಡಿ ಹಾಕಿ ಕಣ್ಣಿನ ಸುತ್ತ ಉಜ್ಜುವುದನ್ನು ಮಾತ್ರ ಬಿಡಲೇಬೇಕು, ಮತ್ತು ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ತಿಂಗಳುಗಟ್ಟಲೆ ಕಪ್ಪುಕಲೆ ಉಳಿಯಬಹುದು.

ಮದುವೆಯ ಹೊತ್ತಿಗೆ ಮುಖದ ಕೆಂಪು ಬಹುಪಾಲು ಇಳಿದಿತ್ತು. ಗೆರೆಗಳು ಇದ್ದ ಹಾಗೆಯೇ ಇದ್ದವು. ಕ್ರೀಮ್ ನಿಲ್ಲಿಸಿ ಮೂರು ತಿಂಗಳ ಬಳಿಕ ಅಳೆದಾಗ ಕಣ್ಣಿನ ಒತ್ತಡ 17ಕ್ಕೆ ಬಂದಿತ್ತು. ಇದನ್ನು ಕೇಳಿ ನನಗಾದ ಸಮಾಧಾನ ಯಾವ ಸುಕ್ಕು ಮಾಯವಾದಾಗಲೂ ಆಗಿದ್ದಿಲ್ಲ.

ಸುಕ್ಕಿಗೆ ನಿಜವಾದ ಚಿಕಿತ್ಸೆ ಶುರುವಾದದ್ದು ಮಳೆಗಾಲದಲ್ಲಿ. ಹಚ್ಚುವ ಔಷಧಿಗಳಲ್ಲಿ ಬಿಸಿಲಿಗೆ ಹಣ್ಣಾದ ಚರ್ಮದ ಮೇಲೆ ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ಟ್ರೆಟಿನಾಯಿನ್‌ಗೆ. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು 1986ರಲ್ಲಿ ಇದರ ಪರಿಣಾಮವನ್ನು ವರದಿ ಮಾಡಿದ ಮೇಲೆ, 1995ರಲ್ಲಿ ಅಲ್ಲಿನ ಔಷಧ ಪ್ರಾಧಿಕಾರ ಈ ಬಳಕೆಗೆ ಒಪ್ಪಿಗೆ ಕೊಟ್ಟಿತು. ಹಳೆಯ ಟ್ಯೂಬಿನಲ್ಲಿದ್ದ ಎರಡನೆಯ ಅಂಶವೂ ಇದೇ ಆಗಿತ್ತು. ಅಲ್ಲಿ ಇದು ಕಟ್ಟುತ್ತಿದ್ದ ಕೊಲಾಜೆನನ್ನು ಪಕ್ಕದ ಸ್ಟೀರಾಯ್ಡ್ ಕೆಡವುತ್ತಿತ್ತು. ಕಡಿಮೆ ಸಾಂದ್ರತೆಯ ಕ್ರೀಮನ್ನು ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ವಾರಕ್ಕೆ ಎರಡು ರಾತ್ರಿ, ರೆಪ್ಪೆಯ ಮೇಲಲ್ಲದೆ ಕಣ್ಣುಗುಳಿಯ ಎಲುಬಿನ ಅಂಚಿನಿಂದ ಹೊರಗೆ ಮಾತ್ರ ಹಚ್ಚಲು ಹೇಳಿದೆ. ಮೊದಲ ತಿಂಗಳು ಚರ್ಮ ಸಿಪ್ಪೆಯೇಳುವುದು ಸಹಜ. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಬಸುರಿಯರು ಇದನ್ನು ಬಳಸಬಾರದು. ಆದ್ದರಿಂದ ಹೊಸದಾಗಿ ಮದುವೆಯಾದ ಮಗಳು ಅಮ್ಮನ ಟ್ಯೂಬಿಗೆ ಕೈಹಾಕಬಾರದೆಂದು ಒತ್ತಿ ಹೇಳಿದೆ.

ಅಕ್ಟೋಬರಿನಲ್ಲಿ ಅವರು ಬೊಟುಲಿನಮ್ ವಿಷಯವನ್ನು ಮತ್ತೆ ಎತ್ತಿದರು. ಈಗ ಬೇಡವೆನ್ನಲು ನನಗೆ ಕಾರಣವಿರಲಿಲ್ಲ. ಒಂದು ಬ್ಯಾಕ್ಟೀರಿಯಾ ಉತ್ಪಾದಿಸುವ ಈ ವಿಷವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟಾಗ ನರದಿಂದ ಸ್ನಾಯುವಿಗೆ ಹೋಗುವ ಸಂಕೇತ ತಡೆಯಲ್ಪಟ್ಟು ಸ್ನಾಯು ಸಡಿಲಗೊಳ್ಳುತ್ತದೆ. ಮೊದಲಿಗೆ ಮೆಳ್ಳೆಗಣ್ಣಿಗೆ ಬಳಸಲಾಗುತ್ತಿದ್ದ ಇದು ಹುಬ್ಬಿನ ನಡುವಿನ ಗೆರೆಯನ್ನೂ ಮಾಯವಾಗಿಸುತ್ತದೆ ಎಂಬುದನ್ನು ಕೆನಡಾದ ಕ್ಯಾರುಥರ್ಸ್ ದಂಪತಿ 1992ರಲ್ಲಿ ಪ್ರಕಟಿಸಿದರು. ಕಣ್ಣಂಚಿನ ಗೆರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಪ್ರತಿ ಬದಿಗೆ 12 ಯೂನಿಟ್ ಅಲ್ಲಿ ಒಪ್ಪಿತವಾದ ಪ್ರಮಾಣ. ಚರ್ಮ ಇನ್ನೂ ತೆಳುವಾಗಿದ್ದುದರಿಂದಲೂ, ನಗು ನಗುವಿನಂತೆಯೇ ಇರಬೇಕೆಂದು ಅವರು ಬಯಸಿದ್ದರಿಂದಲೂ ಅದಕ್ಕಿಂತ ಕಡಿಮೆ ಕೊಟ್ಟೆ. ಸ್ನಾಯು ದೌರ್ಬಲ್ಯದ ಕಾಯಿಲೆ ಇಲ್ಲವೆಂದು, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿಲ್ಲವೆಂದು ಮೊದಲೇ ಖಚಿತಪಡಿಸಿಕೊಂಡಿದ್ದೆ. ಎರಡು ವಾರಕ್ಕೆ ಗೆರೆಗಳು ಗಮನಾರ್ಹವಾಗಿ ಮೆದುವಾದವು. ಇದರ ಪರಿಣಾಮ ಮೂರು-ನಾಲ್ಕು ತಿಂಗಳಷ್ಟೇ ಎಂದು ಹಣ ಪಡೆಯುವ ಮೊದಲೇ ಹೇಳಿದ್ದರಿಂದ, ಕುಯ್ಲಿನ ಕೊನೆಯ ಹೊತ್ತಿಗೆ ಗೆರೆಗಳು ಮರಳಿದಾಗ ಅವರಿಗೆ ಆಘಾತವಾಗಲಿಲ್ಲ.

ಮೊದಲ ಭೇಟಿಯ ಒಂದು ವರ್ಷದ ನಂತರದ ಸ್ಥಿತಿ ಹೀಗಿದೆ. ಕೆಳರೆಪ್ಪೆಯ ನವಿರು ಗೆರೆಗಳು ಕಡಿಮೆಯಾಗಿವೆ, ಚರ್ಮವನ್ನು ಚಿವುಟಿ ಬಿಟ್ಟಾಗ ಮೊದಲಿಗಿಂತ ಬೇಗ ಇಳಿಯುತ್ತದೆ. ಹಿಗ್ಗಿದ ರಕ್ತನಾಳಗಳಲ್ಲಿ ಕೆಲವು ಉಳಿದೇ ಇವೆ. ಅವುಗಳಿಗೆ ಲೇಸರ್ ಬೇಕಾದೀತು, ಅವರಿಗೆ ಸದ್ಯಕ್ಕೆ ಬೇಡ. ಗೆರೆಗಳ ತಳದ ತಿಳಿ ಎಳೆಗಳು ಸುತ್ತಲಿನ ಬಣ್ಣಕ್ಕೆ ಬಹುಮಟ್ಟಿಗೆ ಹೊಂದಿಕೊಂಡಿವೆ, ಅಂದರೆ ಈ ಸಲದ ಕಣದ ಕೆಲಸದಲ್ಲಿ ಕಣ್ಣು ಮೊದಲಿನಷ್ಟು ಕಿರಿದಾಗಲಿಲ್ಲ. ನಕ್ಕಾಗ ಕಣ್ಣಂಚಿನ ಆಳದ ಗೆರೆಗಳು ಈಗಲೂ ಮೂಡುತ್ತವೆ. ಭಂಗು ಸ್ವಲ್ಪ ಮರಳಿದೆ. ಅದಕ್ಕೆ ಸ್ಟೀರಾಯ್ಡ್ ಇಲ್ಲದ ಅಜೆಲಾಯಿಕ್ ಆಸಿಡ್ ಕ್ರೀಮ್ ಆರಂಭಿಸಿದ್ದೇನೆ. ಟ್ರೆಟಿನಾಯಿನ್ ವಾರಕ್ಕೆ ಮೂರು ರಾತ್ರಿ ನಡೆದಿದೆ, ಕಣ್ಣಿನ ಒತ್ತಡವನ್ನು ಆರು ತಿಂಗಳಿಗೊಮ್ಮೆ ನೋಡಿಸಿಕೊಳ್ಳಬೇಕಾಗಿದೆ. ಬೊಟುಲಿನಮ್ ಅನ್ನು ಅವರು ಮತ್ತೆ ಕೇಳಿಲ್ಲ, ನಾನೂ ಸೂಚಿಸಿಲ್ಲ. ಕಳೆದ ಭೇಟಿಗೆ ವಾರಗಿತ್ತಿಯನ್ನು ಜೊತೆಗೆ ಕರೆತಂದಿದ್ದರು. ಅವರ ಕಣ್ಣಿನ ಪರೀಕ್ಷೆಗೂ ಬರೆದುಕೊಟ್ಟಿದ್ದೇನೆ.